ಗಾಜಿನಾಚೆ ನಿಂತ ಕಾಕಾ

ನಮ್ಮ ಕಾಕಾ ಜೀವನದಲ್ಲಿ ಒಂದೇ ಒಂದು ಮಾತನ್ನೂ ಮೆಲ್ಲಗೆ ಆಡಿದವರಲ್ಲ. ಬನಹಟ್ಟಿಯಲ್ಲಿ ಅವರು ಗುಟ್ಟು ಹೇಳಿದರೆ ಪಕ್ಕದೂರು ರಬಕವಿಯಲ್ಲಿ ಚಹಾ ಕುಡಿಯುತ್ತಿದ್ದವರು "ಹೌದೇನ್ರೀ?" ಅನ್ನುತ್ತಿದ್ದರು! ತಪ್ಪು ಅವರದಲ್ಲ ಬಿಡಿ. ಮನೆಯೊಳಗೇ ನಾಲ್ಕು ಪವರ್‌ಲೂಮ್ ಮಗ್ಗ, ಬೆಳಗಾದರೆ ಖಟಖಟ. ಆ ಗದ್ದಲದಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದೆವು. ಕಾಕಾ ಅದರಲ್ಲಿ ಮಹಾಪಂಡಿತ. ಮದುವೆ ಪಂಕ್ತಿಯಲ್ಲಿ ಆ ತುದಿಯ ಬೀಗರು ಯಾರನ್ನು ಬೈಯುತ್ತಿದ್ದಾರೆಂದು ಈ ತುದಿಯಿಂದ ಓದಿ ಹೇಳುತ್ತಿದ್ದರು. ಬೀಗರಿಗೂ ಕೇಳುವ ಹಾಗೆ!

ನಾನು ಧಾರವಾಡದಲ್ಲಿ ಎಂ.ಬಿ.ಎ. ಓದುತ್ತಿದ್ದಾಗ ದೊಡ್ಡದೊಂದು ಬ್ಯಾಂಕು ಎರಡು ತಿಂಗಳ ಇಂಟರ್ನ್‌ಶಿಪ್ಪಿಗೆ ಬೆಳಗಾವಿಗೆ ಸಂದರ್ಶನಕ್ಕೆ ಕರೆಯಿತು.

"ಎರಡ ತಿಂಗಳಿಗಿ ಸಂದರ್ಶನಾ? ನಿಮ್ಮ ಕಾಕೂನ್ನ ಕೊಡೂಮುಂದ ಅವರಪ್ಪ ನನಗ ಒಂದ ಪ್ರಶ್ನಿ ಕೇಳಿದ್ದ!"

"ಏನ್ ಕೇಳಿದ್ರು ಅವರು?"

"ಊಟಾ ಆತೇನು ಅಂತ!"

ಅಂಥವರೇ ನನ್ನ ತಯಾರಿಗೆ ನಿಂತರು. ಒಂದು ಮಗ್ಗದ ಬಳಿ ಅವರು, ಇನ್ನೊಂದರ ಬಳಿ ನಾನು. "ನಮ್ಮ ಬ್ಯಾಂಕಿಗಿ ಯಾಕ ಬರ್ತಿ?" ಎಂದು ಅವರು ಕೂಗುವುದು, ನಾನು ಇಂಗ್ಲಿಷಿನಲ್ಲಿ ಕಿರುಚುವುದು.

"ಛಲೋ ಹೇಳಿದಿ!"

"ನಿಮಗ ಇಂಗ್ಲಿಷ್ ತಿಳೀತೇನ್ರಿ?"

"ತಿಳೀಬೇಕ್ಯಾಕಲೇ? ಬಾಯಿ ಪೂರಾ ತೆಗದಿ. ಹೆದರಿಲ್ಲ ಅಂತಾತು!"

ಸಂದರ್ಶನಕ್ಕೂ ಜೊತೆಗೇ ಬಂದರು. ಗಾಜಿನ ಕೋಣೆ, ಎ.ಸಿ., ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ನಾನು ಮಗ್ಗದ ಮನೆಯ ದನಿಯಲ್ಲೇ ಹೆಸರು ಹೇಳಿದ್ದಕ್ಕೆ ಬ್ಯಾಂಕಿನ ಸಿಪಾಯಿ ಗಾಬರಿಯಾಗಿ ನೀರು ಹಿಡಿದು ಓಡಿಬಂದ!

"ನಾವು ಇಲ್ಲೇ ಅದೀವ್ರೀ," ಎಂದು ಸಾಹೇಬರು ನಕ್ಕರು. "ಕನ್ನಡದಾಗ ಹೇಳ್ರಿ, ಬ್ಯಾಂಕಿಗಿ ಯಾಕ ಬರ್ತೀರಿ?"

ಗಾಜಿನಾಚೆ ಕಾಕಾ ಬಾಯಿ ಅಗಲಿಸಿ ತೋರಿಸುತ್ತಿದ್ದರು: ಪೂರಾ ತೆಗಿ! ಉರು ಹೊಡೆದ ಉತ್ತರವೆಲ್ಲ ಹಾರಿಹೋಗಿ ಖರೇ ಮಾತು ಬಾಯಿಗೆ ಬಂತು.

"ಮನ್ಯಾಗ ದಿನಾ ಮಗ್ಗದ ಗದ್ದಲರೀ. ಅದರಾಗಿಂದ ಒಮ್ಮೆ ಹೊರಗ ಬಿದ್ರ ಸಾಕಾಗೇತಿ."

ಸಾಹೇಬರು ಮತ್ತೆ ನಕ್ಕರು. ಗಾಜಿನಾಚೆ ಕಾಕಾನ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು.

ಅಥವಾ ಹಾಗೆಂದು ನನಗೆ ನೆನಪು. ತಾನು ಆಗ ಕೆಳಗೆ ಚಹಾ ಕುಡಿಯುತ್ತಿದ್ದೆನೆಂದು ಕಾಕಾ ಹೇಳಿದ್ದರು ಅನ್ನುತ್ತಾಳೆ ಕಾಕು. ಆ ಗಾಜು ಮಸುಕಿನದೋ ಏನೋ! ಸಾಕ್ಷಿಯಿಲ್ಲದ್ದನ್ನು ನಂಬಬಾರದೆಂದು ಕಲಿತು ಬಂದವನು ನಾನು. ನನ್ನ ನೆನಪನ್ನೇ ಹೇಗೆ ನಂಬಲಿ? ವಾಪಸು ಬರುವಾಗ ಲೋಕಾಪುರದಲ್ಲಿ ಇಳಿದು ಮಿರ್ಚಿ ಭಜಿ ತಿಂದೆವು, ಕಾಕಾ ಎಂದಿನಂತೆ ಅರ್ಧ ಬಸ್ಸಿಗೆ ಕೇಳುವ ಹಾಗೆ ನನ್ನನ್ನು ಹೊಗಳಿದರು, ಅಷ್ಟೆ.

ಆದರೆ ಮರುದಿನ ಬೆಳಗ್ಗೆ ನನಗೆ ಎಚ್ಚರವಾದದ್ದು ನಿಶ್ಶಬ್ದಕ್ಕೆ. ಕರೆಂಟು ಹೋಗಿದೆ ಅಂದುಕೊಂಡೆ. ಬಲ್ಬು ಉರಿಯುತ್ತಿತ್ತು. ನಾಲ್ಕೂ ಮಗ್ಗ ನಿಂತಿದ್ದವು. ನಡುವೆ ಕಾಕಾ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು.

"ಯಾಕ ಬಂದ್ ಮಾಡೀರಿ?"

ಅವರು ತುಟಿ ಮಾತ್ರ ಆಡಿಸಿದರು. ದನಿಯೇ ಇಲ್ಲ. "ಮಲಕೋ ತಮ್ಮಾ."

ನಾನು ಹೊದ್ದು ಮಲಗಿಬಿಟ್ಟೆ.

ಆ ಇಂಟರ್ನ್‌ಶಿಪ್ಪೂ ಸಿಕ್ಕಿತು, ಮುಂದೆ ಬ್ಯಾಂಕಿನಲ್ಲೇ ಕೆಲಸವೂ ಸಿಕ್ಕಿತು. ಈಗ ಕಾಕಾ ಇಲ್ಲ. ನನ್ನ ಎ.ಸಿ. ಕೋಣೆಯಲ್ಲಿ ಗಡಿಯಾರಕ್ಕೂ ಸದ್ದಿಲ್ಲ. ಕೆಲವು ಬೆಳಗು ಅಡುಗೆಮನೆಗೆ ಹೋಗಿ ಖಾಲಿ ಮಿಕ್ಸರ್ ಹಚ್ಚಿ ನಿಲ್ಲುತ್ತೇನೆ.

"ಏನ್ರೀ ಇದು, ಹುಚ್ಚಗಿಚ್ಚ ಹಿಡದೈತೇನು?" ಅನ್ನುತ್ತಾಳೆ ಹೆಂಡತಿ.

ನಾನು ತುಟಿಯಷ್ಟೇ ಆಡಿಸುತ್ತೇನೆ. ಅದನ್ನು ಓದಲು ಅವಳಿಗೆ ಬರುವುದಿಲ್ಲ.

"ನಾ ಎದ್ದೇನ್ರಿ ಕಾಕಾ. ಮಗ್ಗಾ ಚಾಲೂ ಮಾಡ್ರಿ."