ಒಂದೂವರೆ ಮಿಲಿಮೀಟರಿನ ನೆಂಟಸ್ತನ

ಪಿಸ್ಟನ್ ಕಂಪನಿಯಲ್ಲಿ ಕುಳಿತು ಕ್ಯಾಟಲಾಗ್ ಬರೆಯುವ ಮಾನ್ಯರೇ,

ತಮಗೂ, ತಮ್ಮ ತಲೆ ತಂಪಾಗಿಟ್ಟಿರುವ ಫ್ಯಾನಿಗೂ ಗ್ಯಾರೇಜಿನವನೊಬ್ಬನ ನಮಸ್ಕಾರಗಳು. ಮೊನ್ನೆ ಊಟವಾದ ಮೇಲೆ ಬೆಂಚಿನ ಮೇಲೆ ಹಾಗೇ ಕಣ್ಣು ಮುಚ್ಚಿದಾಗ ಕೆಟ್ಟ ಕನಸೊಂದು ಬಿತ್ತು. ತಾವು ಕಳಿಸಿದ ನಾಲ್ಕು ಪಿಸ್ಟನ್‌ಗಳು "ನಾವು ನಿಮ್ಮ ಕಡೆಯವರೇ" ಎನ್ನುತ್ತಾ ಮನೆಯೊಳಗೆ ಬಂದು ಕುಳಿತವು. ಕುಳಿತಿರುವವರೆಗೆ ಎಲ್ಲ ಸರಿಯಿತ್ತು. ಎದ್ದು ನಿಂತಾಗ ನಾಲ್ಕರ ತಲೆಯೂ ಸೂರಿಗೆ ಬಡಿದು, ಸೂರು ನನ್ನ ಮೇಲೆ ಬಿತ್ತು.

ಏಳನೇ ಕ್ಲಾಸಿನ ನಡುವೆಯೇ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ಅಚ್ಚಾದದ್ದನ್ನೆಲ್ಲ ನಂಬುವ ದುರಭ್ಯಾಸ ಇನ್ನೂ ಹೋಗಿಲ್ಲ. ನನ್ನ ಅಕ್ಕ ಓಡಿಸುವ ಟ್ಯಾಕ್ಸಿಯ ಪಿಸ್ಟನ್‌ಗಳು ಸವೆದು, ಅದರ ಅಸಲಿ ಪಿಸ್ಟನ್ ಎಲ್ಲೂ ಸಿಗದೆ ಒದ್ದಾಡುತ್ತಿದ್ದಾಗ, ತಮ್ಮ ಕ್ಯಾಟಲಾಗಿನ ನಲವತ್ತೆರಡನೇ ಪುಟದಲ್ಲಿ ಚಿಕ್ಕ ಇಂಜಿನ್ನಿನ ಪಿಸ್ಟನ್ ಆ ಗಾಡಿಯ ದೊಡ್ಡ ಇಂಜಿನ್ನಿಗೂ "ನೇರವಾಗಿ ಹೊಂದುತ್ತದೆ" ಎಂದಿದ್ದುದನ್ನು ಅಕ್ಕನಿಗೆ ಜೋರಾಗಿ ಓದಿ ಹೇಳಿ ತರಿಸಿಬಿಟ್ಟೆ. ಅಗಲ ಸರಿ, ರಿಂಗ್ ಸರಿ, ಪಿನ್ ಸರಿ. ಪಿನ್ನಿನ ನಡುವಿನಿಂದ ತಲೆಯವರೆಗಿನ ಎತ್ತರ ಮಾತ್ರ ಒಂದೂವರೆ ಮಿಲಿಮೀಟರ್ ಹೆಚ್ಚು. ಫೋನ್ ಮಾಡಿದರೆ ತಮ್ಮ ಕಚೇರಿಯವರು, "ಎರಡೂ ಒಂದೇ ಮನೆತನದ ಇಂಜಿನ್ ಅಲ್ವಾ, ಹೊಂದ್ಕೊಂಡು ಹೋಗುತ್ತೆ ಬಿಡಿ" ಎಂದರು. ಎಂಥ ದೊಡ್ಡ ಮನಸ್ಸು. ನಾನೂ ಅಕ್ಕನೂ ಒಂದೇ ತಾಯಿಯ ಮಕ್ಕಳು, ಹಾಗಂತ ಅವಳ ಕನ್ನಡಕ ನಾನು ಹಾಕಿಕೊಂಡರೆ ಎದುರಿನ ಗೋಡೆಯೂ ಕಾಣುವುದಿಲ್ಲ.

ಭಯ ತಡೆಯಲಾರದೆ, ಒಳಗೆ ಎಷ್ಟು ಜಾಗ ಉಳಿಯುತ್ತದೆಂದು ನೋಡಲು, ಮಗಳು ಶಾಲೆಗೆಂದು ಮಾಡಿಟ್ಟಿದ್ದ ಜೇಡಿಮಣ್ಣಿನ ಆನೆಯನ್ನು ಅವಳಿಗೆ ಹೇಳದೆ ತಂದು ಪಿಸ್ಟನ್ನಿನ ತಲೆಯ ಮೇಲೆ ಮೆತ್ತಿ, ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಕೂರಿಸಿ, ಇಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ. ಟಕ್ ಎಂದು ನಿಂತಿತು. ಬಿಚ್ಚಿ ನೋಡಿದರೆ ಆನೆ ಕಾಗದದಷ್ಟು ತೆಳ್ಳಗಾಗಿ, ಹೆಡ್ಡಿನಿಂದ ಕೆಳಗಿಳಿಯುವ ವಾಲ್ವ್ ತಾಗಿದ ಕಡೆ ತೂತೇ ಬಿದ್ದಿತ್ತು. ಇದನ್ನೇ ಕೀ ಕೊಟ್ಟು ಸ್ಟಾರ್ಟ್ ಮಾಡಿದ್ದರೆ ವಾಲ್ವೂ ಇರುತ್ತಿರಲಿಲ್ಲ, ಅಕ್ಕನ ಜೀವನೋಪಾಯವೂ ಇರುತ್ತಿರಲಿಲ್ಲ. ಹತ್ತು ದಿನದಿಂದ ಅವಳು ಬಾಗಿಲಲ್ಲಿ ನಿಂತು, "ಗಾಡಿ ರಿಪೇರಿ ಮಾಡ್ತಿದ್ಯೋ, ಅದಕ್ಕೆ ಜೋಗುಳ ಹಾಡ್ತಿದ್ಯೋ? ನಾಳೆಯಿಂದ ಗಿರಾಕಿಗಳನ್ನ ನೀನೇ ಹೆಗಲ ಮೇಲೆ ಕೂರಿಸ್ಕೊಂಡು ಹೋಗು" ಎನ್ನುತ್ತಾಳೆ. ಖಾಯಂ ಗಿರಾಕಿಗಳಲ್ಲಿ ಇಬ್ಬರು ಆಗಲೇ ಬೇರೆ ಗಾಡಿ ಹಿಡಿದಿದ್ದಾರೆ.

ಆದ್ದರಿಂದ ಮಾನ್ಯರು ದಯವಿಟ್ಟು ಈ ಇಂಜಿನ್ನಿನ ವಾಲ್ವ್‌ಗಳಿಗೆ, ನೆಂಟರು ಬಂದಾಗ ಒಂದೂವರೆ ಮಿಲಿಮೀಟರ್ ಹಿಂದೆ ಸರಿದು ನಿಲ್ಲುವಂತೆ ಒಂದು ಆದೇಶ ಕಳಿಸಬೇಕು. ಅದಾಗದಿದ್ದರೆ, ಮೊದಲ ಸಲ ಸ್ಟಾರ್ಟ್ ಮಾಡುವಾಗ ತಾವೇ ನಲವತ್ತೆರಡನೇ ಪುಟ ಹಿಡಿದು ಅಕ್ಕನ ಪಕ್ಕದ ಸೀಟಿನಲ್ಲಿ ಕೂರಬೇಕು. ಆಕೆ ಒಪ್ಪಿದ್ದಾಳೆ, ತಮಗೆ ಹೇಳಬೇಕಾದದ್ದು ಬಹಳ ಇದೆಯಂತೆ.

ತಮ್ಮ ಪುಟವನ್ನು ಇನ್ನೂ ಹರಿಯದೆ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಟ್ಯಾಕ್ಸಿ ಅಕ್ಕನ ತಮ್ಮ

ಮರೆತ ಮಾತು: ಚಪ್ಪಟೆಯಾದ ಆನೆಯನ್ನು ಇದರೊಂದಿಗೆ ಕಳಿಸಿದ್ದೇನೆ. ಮಗಳು ಅದನ್ನೇ ಶಾಲೆಗೆ ಒಯ್ದಾಗ, ಇದು ಯಾವ ಪ್ರಾಣಿ ಎಂದು ಟೀಚರ್ ಕೇಳಿದರು. ತಮ್ಮ ಲೆಕ್ಕದಲ್ಲಿ ಅದು ಇಲಿಗೂ ನೇರವಾಗಿ ಹೊಂದಬಹುದು. ನಾನು ಅಳತೆ ನೋಡುವ ವರ್ನಿಯರ್ ಹಳೆಯದು, ತಪ್ಪು ನನ್ನದೇ ಇದ್ದರೂ ಇರಬಹುದು. ಕ್ಯಾಟಲಾಗ್ ಮುಚ್ಚಿಟ್ಟು, ಪಿಸ್ಟನ್ನೊಂದನ್ನು ಕೈಗೆ ತೆಗೆದುಕೊಂಡು, ಆ ಎತ್ತರವನ್ನು ಮಾತ್ರ ತಾವೇ ಇನ್ನೊಮ್ಮೆ ಅಳೆದು ನೋಡಿ.