ಹಳೆ ಡಿಸ್ಕು ಆಚಾರಿಯ ಪಾಲು

ನನ್ನ ತಂಗಿ ಗಿರಿಜೆಗೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಒಂಬತ್ತು ದಿನ ಹೇಳಲಿಲ್ಲ. ಸುಮ್ಮನಿರುವುದು ಸುಲಭ ಎನ್ನುವವರು ಒಮ್ಮೆ ಇದ್ದು ನೋಡಬೇಕು. ಊಟಕ್ಕೆ ಕೂತರೆ ಮುದ್ದೆ ಇಳಿಯುತ್ತದೆ, ಆ ಮಾತು ಮಾತ್ರ ಗಂಟಲಲ್ಲೇ ನಿಲ್ಲುತ್ತದೆ.

ನಾನು ಶ್ರೀರಂಗಪಟ್ಟಣದಲ್ಲಿ ಮರಗೆಲಸ ಮಾಡುವವನು. ಓದು ಏಳನೇ ತರಗತಿಗೇ ನಿಂತಿತು. ಆದರೆ ಸ್ಕ್ರೂ ಇರುವ ಯಾವ ವಸ್ತು ಕಂಡರೂ ಅದು ನನ್ನ ಇಲಾಖೆಗೆ ಸೇರಿದ್ದು ಎಂಬ ಭ್ರಮೆ ನನಗಿದೆ. ಮಿಕ್ಸಿ, ಫ್ಯಾನು, ನಮ್ಮತ್ತೆಯ ಕಿವಿಯ ಯಂತ್ರ, ಎಲ್ಲವನ್ನೂ ಬಿಚ್ಚಿದ್ದೇನೆ. ಅತ್ತೆ ಈಗಲೂ ನನ್ನನ್ನು ಕಂಡರೆ ಕಿವಿಗೆ ಸೆರಗು ಮುಚ್ಚಿಕೊಳ್ಳುತ್ತಾರೆ. ಹಾಗಾಗಿ, ಪಾಂಡವಪುರದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗಿರಿಜೆ, ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ದೊಡ್ಡ ಎಸ್‌ಎಸ್‌ಡಿ ಡಿಸ್ಕು ತಂದಾಗ, "ನಾನಿಲ್ವೇನಮ್ಮಿ? ರಿಪೇರಿಯವರ್ಯಾಕೆ?" ಎಂದುಬಿಟ್ಟೆ.

ಹೊಸ ಡಿಸ್ಕನ್ನು ಒಂದು ಯುಎಸ್‌ಬಿ ಡಬ್ಬಿಯೊಳಗಿಟ್ಟು, ವೈರಿನಿಂದ ಕಂಪ್ಯೂಟರಿಗೆ ತಗುಲಿಸಿ, ಹಳೆಯದರಲ್ಲಿದ್ದುದನ್ನೆಲ್ಲ ನಕಲು ಮಾಡಿದೆ. ಪರದೆಯ ಮೇಲೆ ನೂರಕ್ಕೆ ನೂರು ಎಂದು ಬಂತು. ಏಳನೇ ತರಗತಿಯಲ್ಲೂ ನನಗೆ ಬಾರದ ಅಂಕ! ಹೊಸದನ್ನು ಒಳಗೆ ಕೂರಿಸುವಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರು ಹಚ್ಚಿ ನೋಡಲಿಲ್ಲ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ, ಹೊಸ ಬಾಗಿಲು ಕೂರಿಸಿದ ದಿನವೇ ಹಳೆ ಬಾಗಿಲು ಆಚಾರಿಯ ಪಾಲು. ಅದರಂತೆ ಹಳೆ ಡಿಸ್ಕನ್ನು ಜೇಬಿಗಿಳಿಸಿ ಮನೆಗೆ ತಂದೆ. ಮಂಚದ ಡಿಸೈನುಗಳನ್ನು ಇಟ್ಟುಕೊಳ್ಳಲೆಂದು ಅಂದೇ ಅದನ್ನು ಮನೆಯ ಕಂಪ್ಯೂಟರಿಗೆ ತಗುಲಿಸಿ ಪೂರ್ತಿ ಅಳಿಸಿದೆ.

ಬೆಳಿಗ್ಗೆ ಫೋನು. "ಅಣ್ಣ, ಡಿಸ್ಕಲ್ಲಿ ಏನೂ ಇಲ್ಲ ಅಂತ ಬರ್ತದೆ ಕಣಣ್ಣ! ಸಂಚಿಕೆ ಅದ್ರಲ್ಲೇ ಅದೆ!"

ಕೆ.ಆರ್. ಪೇಟೆ ಕಡೆಯ ಒಂದು ಶಾಲೆಯ ಸ್ಮರಣ ಸಂಚಿಕೆ ಅದು. ಆರು ತಿಂಗಳು ಕೂತು ಅವಳು ಟೈಪು ಮಾಡಿದ್ದು, ಹದಿನೈದು ದಿನದಲ್ಲಿ ಅಚ್ಚಿಗೆ ಹೋಗಬೇಕಿತ್ತು. ನನ್ನ ಬಾಯಿ ನನಗಿಂತ ಮೊದಲೇ ಓಡಿತು. "ನಕಲಾಗೋವಾಗ ನೀನೇ ಪ್ಲಗ್ಗು ಕಿತ್ಬುಟ್ಟಿರ್ಬೇಕು, ನೋಡು."

"ಇರ್ಬೋದು ಕಣಣ್ಣ," ಎಂದಳು. ನಂಬಿದಳು! ಹಸ್ತಪ್ರತಿ ಮುಂದಿಟ್ಟುಕೊಂಡು ಅಂಗಡಿಯ ಇನ್ನೊಂದು ಕಂಪ್ಯೂಟರಿನಲ್ಲಿ ಮೊದಲ ಪುಟದಿಂದ ಮತ್ತೆ ಟೈಪು ಮಾಡತೊಡಗಿದಳು.

ಹತ್ತನೆಯ ದಿನ ತಡೆಯಲಾರದೆ, 'ನೋಡಿಸಿಕೊಂಡು ಬರ್ತೀನಿ' ಎಂದು ಡಿಸ್ಕು ಬಿಚ್ಚಿಕೊಂಡು ನಾಗಮಂಗಲಕ್ಕೆ ಹೋದೆ. ಅಲ್ಲಿ ನನ್ನ ಗುರುತಿನವರಿಲ್ಲ. ರಿಪೇರಿಯ ನಯಾಜ್ ಸಾಹೇಬರು ಡಿಸ್ಕು ಮತ್ತು ಡಬ್ಬಿ ಎರಡನ್ನೂ ತಿರುಗಿಸಿ ನೋಡಿದರು. "ಭಾಯ್, ಡಿಸ್ಕಲ್ಲಿ ಸಣ್ಣ ಸಣ್ಣ ಖಾನೆ ಇರ್ತಾವೆ. ನಿಮ್ ಡಬ್ಬಿ ಒಂದು ಖಾನೆಗೆ ನಾಲ್ಕು ಸಾವಿರದ ತೊಂಬತ್ತಾರು ಬೈಟು ಅಂತ ಎಣಿಸ್ತು. ಕಂಪ್ಯೂಟರು ಐನೂರ ಹನ್ನೆರಡು ಅಂತ ಎಣಿಸ್ತದೆ. ಮಾಲೆಲ್ಲ ಒಳಗೇ ಅದೆ, ವಿಳಾಸ ತಪ್ಪು."

"ದೊಡ್ಡದ್ರಲ್ಲಿ ಚಿಕ್ಕದು ಕೂರ್ಬೇಕಲ್ವಾ ಸಾಹೇಬ್ರೆ?" ಎಂದೆ. ಅವರು ನನ್ನ ಕಿವಿಯ ಮೇಲಿದ್ದ ಪೆನ್ಸಿಲು ನೋಡಿದರು.

"ಮರಗೆಲಸದೋರಲ್ವಾ ನೀವು? ಆರು ಅಂತ ನೀವು ಅಡೀಲಿ ಬರ್ಕೊಟ್ರಿ, ಇನ್ನೊಬ್ಬ ಇಂಚು ಅಂತ ಓದ್ಕೊಂಡು ಕುಯ್ದ. ಮಂಚ ಎಂಗಾಯ್ತದೆ?"

"ಮಣೆಯೂ ಆಗಲ್ಲ," ಎಂದೆ. ಅರ್ಧ ಅರ್ಥವಾಯಿತು. ಇನ್ನರ್ಧ ಇವತ್ತಿಗೂ ಆಗಿಲ್ಲ.

ಅವರು ಡಿಸ್ಕನ್ನು ಅದೇ ಡಬ್ಬಿಗೆ ಹಾಕಿ ತಗುಲಿಸಿದರೆ, ಸಂಚಿಕೆ ಒಂದಕ್ಷರ ಮುಕ್ಕಾಗದೆ ಎದುರಿಗೆ ಬಂತು! ಅದನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಡಿಸ್ಕಿಗೆ ಸರಿಯಾದ ಅಳತೆಯಲ್ಲಿ ಮತ್ತೆ ತುಂಬಿಕೊಟ್ಟರು.

ಪಾಂಡವಪುರಕ್ಕೆ ಬಂದಾಗ ಗಿರಿಜೆ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಹಸ್ತಪ್ರತಿ ನೋಡಿ ಟೈಪು ಮಾಡುತ್ತಿದ್ದಳು. ಸಂಚಿಕೆ ಸಿಕ್ಕಿತೆಂದು ತಿಳಿದದ್ದೇ ಅವಳ ಕಣ್ಣು ತುಂಬಿತು. "ನಾನು ಪ್ಲಗ್ಗು ಕಿತ್ತಿದ್ದಕ್ಕೆ ನಿಂಗೆಷ್ಟು ಅಲೆದಾಟ ಆಯ್ತಲ್ಲಣ್ಣ!"

ನಾನು ಗಂಭೀರವಾಗಿ ನಾಲ್ಕು ಸಾವಿರದ ತೊಂಬತ್ತಾರರಿಂದ ಶುರುಮಾಡಿದೆ. ಐನೂರ ಹನ್ನೆರಡಕ್ಕೆ ಬರುವಷ್ಟರಲ್ಲಿ ಅವಳು, "ನಂಗರ್ಥ ಆಗಂಗೆ ಹೇಳಣ್ಣ," ಎಂದಳು.

"ನೀನು ಪ್ಲಗ್ಗು ಕಿತ್ತೇ ಇರ್ಲಿಲ್ಲ ಕಣಮ್ಮಿ. ಹಚ್ಚಿ ನೋಡ್ದೆ ಹಳೇದನ್ನ ಅಳಿಸ್ಬುಟ್ಟೋನು ನಾನು. ಭಯಕ್ಕೆ ನಿನ್ ಮೇಲೆ ಹಾಕ್ಬುಟ್ಟೆ. ತಪ್ಪಾಯ್ತು ಗಿರಿಜಾ."