ಪ್ಲಾಸ್ಟಿಕ್ ರಾಯರ ರೈಲು ಪಾಸು

ಜೆರಾಕ್ಸ್ ಅಂಗಡಿಯ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ಪ್ಲಾಸ್ಟಿಕ್ ರಾಯರು. ಕೈಗೆ ಸಿಕ್ಕ ಕಾಗದಕ್ಕೆಲ್ಲ ಲ್ಯಾಮಿನೇಷನ್ ಮಾಡುವುದು ಅವರ ಚಟ. ಗಿರಾಕಿಗಳಿಗೆ ಅವರದು ದಿನವೂ ಒಂದೇ ಉಪದೇಶ: "ಅಸಲು ಮನೇಲಿರ್ಲಿ, ಜೆರಾಕ್ಸ್ ಕೈಲಿರ್ಲಿ."

ಇಂಥವರು ವಿದೇಶ ಪ್ರವಾಸದ ರೈಲು ಪಾಸನ್ನು ಬಿಟ್ಟಾರೆಯೇ? ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಪಾಸು. ಅದಿದ್ದರೆ ವಾರವಿಡೀ ಆ ದೇಶದ ಯಾವ ರೈಲನ್ನಾದರೂ ಹತ್ತಬಹುದು. "ಅದರ ತಂಟೆಗೆ ಹೋಗ್ಬೇಡಿ" ಎಂದು ಹೆಂಡತಿ ಮೊದಲೇ ಎಚ್ಚರಿಸಿದ್ದರು. ಹೊರಡುವ ಮುನ್ನ ರಾಯರು ಹೆಂಡತಿಯ ಕೈಚೀಲದಿಂದ ಅದನ್ನು ಮೆಲ್ಲಗೆ ಎಗರಿಸಿ, ಪ್ಲಾಸ್ಟಿಕ್ ಹೊದಿಸಿ, "ನನ್ನ ಹತ್ರಾನೇ ಇರ್ಲಿ ಬಿಡೆ" ಎಂದು ಜೇಬಿಗೆ ಸೇರಿಸಿದ್ದರು.

ಪರದೇಶದ ಸ್ಟೇಷನ್ನಿನಲ್ಲಿ ಕೌಂಟರಿನವನು ಪಾಸಿನ ಮೇಲೆ ಮೊಹರು ಒತ್ತಿದ. ಶಾಯಿ ಜಾರಿ ರಾಯರ ಹೆಬ್ಬೆರಳಿಗೆ ಮೆತ್ತಿತು. ಅವನೇನೋ ವಟಗುಟ್ಟಿದ. ಜೊತೆಗೆ ಬಂದಿದ್ದ ಪಕ್ಕದ ಮನೆಯ ಮೇಷ್ಟ್ರು ಅದನ್ನು ಅನುವಾದಿಸಿದರು.

"ಮೊಹರು ಬೀಳದೆ ರೈಲು ಹತ್ತೋ ಹಾಗಿಲ್ಲ, ಪ್ಲಾಸ್ಟಿಕ್ ಮೇಲೆ ಮೊಹರು ಕೂರಲ್ಲ ಅಂತಿದಾನೆ. ನನ್ನ ಅಭಿಪ್ರಾಯವೂ ಅದೇ."

ರಾಯರು ಪಾಸನ್ನು ಬೆನ್ನ ಹಿಂದೆ ಅಡಗಿಸಿದರು. ಹೆಂಡತಿ ಅತ್ತ ಬೆಂಚಿನ ಮೇಲೆ ಸಾಮಾನು ಕಾಯುತ್ತಾ ಕುಳಿತಿದ್ದರು. ಹತ್ತಬೇಕಿದ್ದ ರೈಲು ಮುಟ್ಟುವ ಊರಿನಲ್ಲಿ ಅವರ ತಂಗಿ ಕಾಯುತ್ತಿದ್ದಳು. ಮದುವೆಯಾಗಿ ಈ ದೇಶ ಸೇರಿದ ಮೇಲೆ ಅವಳ ಮುಖವನ್ನೇ ಇವರು ನೋಡಿರಲಿಲ್ಲ. ನಾಳೆ ಅವಳು ಕೆಲಸದ ಮೇಲೆ ಬೇರೆ ದೇಶಕ್ಕೆ ಹೊರಡುವವಳು. ಸಿಕ್ಕರೆ ಇವತ್ತೇ. ಬೇರೆ ಟಿಕೆಟ್ ಕೊಳ್ಳೋಣವೆಂದರೆ ರೈಲು ಭರ್ತಿಯಾಗಿತ್ತು. ಉಳಿದಿದ್ದದ್ದು ಪಾಸಿನವರ ಸೀಟು ಮಾತ್ರ.

"ಏನ್ರೀ ತಡ?" ಎಂದು ಹೆಂಡತಿ ಕೂಗಿದರು.

"ಏನಿಲ್ಲ ಕಣೆ, ಕ್ಯೂ ಇದೆ" ಎಂದರು ರಾಯರು. ಕ್ಯೂನಲ್ಲಿ ಇದ್ದವರು ಅವರೊಬ್ಬರೇ.

ಮೇಷ್ಟ್ರು ಮೊದಲು ಕತ್ತರಿ ಪ್ರಯೋಗ ಹೇಳಿದರು. ಪಾಸಿನ ಒಂದು ಮೂಲೆ ಹೋಯಿತು. ಆಮೇಲೆ ಕಾಫಿ ಅಂಗಡಿಯ ಹಬೆ ಎಂದರು. ರಾಯರ ಎರಡು ಬೆರಳು ಬೆಂದವು. ಕೊನೆಗೆ ರಾಯರು ಸ್ಟೇಷನ್ನಿನ ಕ್ಷೌರದಂಗಡಿಗೆ ಓಡಿದರು. ಅಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದ ಹೆಂಗಸಿನ ಪಕ್ಕದಲ್ಲೇ ಪಾಸನ್ನೂ ಹಿಡಿದು ಬಿಸಿಗಾಳಿ ಕೊಡಿಸಿದರು. ಜನ್ಮವೆಲ್ಲ ಪ್ಲಾಸ್ಟಿಕ್ ಹಾಕಿದ ಕೈ, ಬಿಚ್ಚಿದ್ದು ಇದೇ ಮೊದಲು. ಬಾಳೆಹಣ್ಣಿನ ಸಿಪ್ಪೆಯಂತೆ ಪೊರೆ ಕಳಚಿ ಬಂತು. ರಾಯರ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ರೈಲು ಬಂದು ನಿಂತಿತ್ತು. ಮೇಷ್ಟ್ರು ತಮ್ಮ ಪಾಸಿಗೆ ಮೊಹರು ಒತ್ತಿಸಿಕೊಂಡು ಕಿಟಕಿ ಪಕ್ಕದ ಸೀಟು ಹಿಡಿಯಲು ನಡೆದರು. ಸಾಮಾನು ಎಳೆದುಕೊಂಡು ಹೆಂಡತಿಯೂ ಕೌಂಟರಿಗೆ ಬಂದರು. ಕೌಂಟರಿನವನು ಮೊಹರು ಎತ್ತಿದವನು ಹಾಗೇ ನಿಂತ. ರಾಯರ ಪಾಸನ್ನು ಬೆಳಕಿಗೆ ಓರೆಯಾಗಿ ಹಿಡಿದ. ಮೇಷ್ಟ್ರ ಪಾಸಿನಲ್ಲಿ ಮಿನುಗಿದ್ದ ಬೆಳ್ಳಿಗೆರೆ ಇದರಲ್ಲಿ ಮಿನುಗಲಿಲ್ಲ. ತಲೆಯಾಡಿಸಿ ಹಿಂದಕ್ಕೆ ತಳ್ಳಿದ.

"ಜೆರಾಕ್ಸ್ ಅಂತ ಕಂಡುಹಿಡಿದ್ಬಿಟ್ನಾ?" ಎಂದರು ಹೆಂಡತಿ. "ನೀವು ಊಟಕ್ಕೆ ಹೋದಾಗ ನಮ್ಮ ಅಂಗಡೀಲೇ ತೆಗೆದಿದ್ದು. ಕಲರ್ ಎಷ್ಟು ಚೆನ್ನಾಗಿ ಬಂದಿತ್ತು."

ರಾಯರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಅಸಲು ಇದೆ ತಾನೆ? ಬೇಗ ಕೊಡು."

"ಭದ್ರವಾಗಿದೆ. ಮನೇಲಿ, ಬೀರುವಿನಲ್ಲಿ. ನೀವೇ ಅಲ್ವೇನ್ರೀ ದಿನಾ ಹೇಳೋದು?"

ರೈಲು ಹೊರಟಿತು. ಮೇಷ್ಟ್ರು ಕಿಟಕಿಯಿಂದ ಕೊನೆಯ ಸಲಹೆಯೊಂದನ್ನು ಕೂಗಿದರು, ಅದು ಕೇಳಿಸಲಿಲ್ಲ. ಹೆಂಡತಿ ಸಾಮಾನಿನ ಮೇಲೆ ಕುಸಿದು ಕುಳಿತು ತಂಗಿಗೆ ಫೋನು ಮಾಡಿ ಗಳಗಳನೆ ಅತ್ತರು. "ಎಲ್ಲಾ ಆ ನಿನ್ನ ಭಾವನ ಮಾತು ಕೇಳಿ ಆಗಿದ್ದು ಕಣೆ."

ರಾಯರು ಬೊಬ್ಬೆಯೆದ್ದ ಬೆರಳುಗಳನ್ನು ಊದಿಕೊಳ್ಳುತ್ತಾ ನಿಂತಿದ್ದರು. ಮದುವೆಯಾದಾಗಿನಿಂದ ಹೆಂಡತಿ ತಮ್ಮ ಮಾತು ಕೇಳಿದ್ದು ಅದೊಂದೇ ಸಲ.